ಮೋಡ ಎಳೆಯುವ ಮಿಷನ್ನು

ಚಳ್ಳಕೆರೆ ಬಸ್ ನಿಲ್ದಾಣದ ಹಿಂದೆ ಯಾರೋ ಶೇಂಗಾ ಸಿಪ್ಪೆ ಸುಡುತ್ತಿದ್ದರು. ಮೊಳಕಾಲ್ಮೂರಿನ ಬಸ್ಸಿಗೆ ಕಾದಿದ್ದ ಉಳಿದವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಆಳವಾಗಿ ಉಸಿರೆಳೆದುಕೊಂಡೆ. ಹೊಗೆಯನ್ನೇ ನೆಚ್ಚಿ ಹೊಟ್ಟೆ ಹೊರೆದವನ ಚಾಳಿ, ನಗಬೇಡಿ.

ತೊಂಬತ್ತರ ದಶಕದ ಕೊನೆಯಲ್ಲಿ, ಗಾಳಿಯ ಕಣಗಳನ್ನು ಅಳೆಯುವ ಸಂಶೋಧನೆಗೆಂದು ಹೋದಾಗ, ಪರಶುರಾಂಪುರದ ಬೋರಮ್ಮ ಎಂಬ ಕುರಿ ಸಾಕುವ ಹೆಂಗಸಿನ ಮನೆಯಲ್ಲಿ ನನಗೊಂದು ಕೋಣೆ ಸಿಕ್ಕಿತ್ತು. ಗಾಳಿ ಹೀರಿ ಅದರ ಧೂಳನ್ನೂ ಮಸಿಯನ್ನೂ ಬಿಳಿ ಕಾಗದದ ಮೇಲೆ ಹಿಡಿದಿಡುವ ಯಂತ್ರವೊಂದನ್ನು ಮಾಳಿಗೆಯ ಮೇಲೆ ಇಟ್ಟಿದ್ದೆ. ಮಳೆಗಾಲದ ಮೊದಲ ಮೋಡಗಳು ಕಟ್ಟುವ ಹೊತ್ತಿನ ಗಾಳಿ ನನಗೆ ಬೇಕಿತ್ತು. ಆ ವರ್ಷ ಮೊದಮೊದಲು ಮೋಡಗಳು ಬಂದವು, ಹೋದವು, ಹನಿ ಬೀಳಲಿಲ್ಲ. ಬಿತ್ತನೆಯ ಶೇಂಗಾ ಚೀಲದಲ್ಲೇ ಉಳಿಯಿತು.

ಒಂದು ಬೆಳಿಗ್ಗೆ ಊರ ಗಂಡಸರು ಅಂಗಳಕ್ಕೆ ಬಂದರು.

"ನಿನ್ನ ಮಿಷನ್ನು ಮೋಡ ಎಳ್ಕಂತೈತಂತೆ, ಹೌದೇನಪ್ಪ?" ಹಿರಿಯರೊಬ್ಬರು ಕೇಳಿದರು.

ನಾನು ಪಾಠ ಶುರು ಮಾಡಿದೆ. ಮೋಡದ ಹನಿ ಕಟ್ಟಲು ಧೂಳಿನಂಥ ಕಣವೊಂದು ಬೇಕು. ಕಣಗಳು ವಿಪರೀತವಾದರೆ ಇರುವ ನೀರೇ ಹಂಚಿಹೋಗಿ ಹನಿಗಳು ಸಣ್ಣವಾಗುತ್ತವೆ, ಬೇಗ ಬೀಳುವುದಿಲ್ಲ. ಅಂಥ ಮೋಡ ಇನ್ನಷ್ಟು ಬೆಳ್ಳಗಾಗಿ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ, ಭೂಮಿ ತಂಪಾಗುತ್ತದೆ. ಮಸಿಯಾದರೋ ಬಿಸಿಲು ಕುಡಿದು ಗಾಳಿಯನ್ನು ಕಾಯಿಸುತ್ತದೆ. ಯಾವುದರ ಕೈ ಮೇಲು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಈ ಯಂತ್ರ.

"ಹಂಗಾದ್ರೆ ಮಳೆ ಬರ್ತೈತೋ ಇಲ್ವೋ?"

"ಗೊತ್ತಿಲ್ಲ" ಎಂದೆ.

ಒಬ್ಬ ಯಂತ್ರದ ತಂತಿ ಕೀಳಲು ಏಣಿಯತ್ತ ನಡೆದ. ಬೋರಮ್ಮ ಏಣಿಗೆ ಅಡ್ಡವಾಗಿ ಕೂತುಬಿಟ್ಟಳು. "ಮಾಳಿಗೆ ನಂದು. ಹತ್ತೋದಾದ್ರೆ ನನ್ನ ಕೇಳಿ ಹತ್ತು ಲೇ." ಆಮೇಲೆ ನನ್ನತ್ತ ತಿರುಗಿ, "ಮಿಷನ್ನು ನೀನೇ ಆರಿಸಪ್ಪ. ಇದು ಓಡ್ತಿದ್ದು ಮಳೆ ಬರ್ಲಿಲ್ಲ ಅಂದ್ರೆ ನಿನ್ನ ಬೈತಾರೆ. ಆರಿಸಿದ್ಮೇಲೂ ಬರ್ಲಿಲ್ಲ ಅಂದ್ರೆ ದೇವ್ರನ್ನ ಬೈತಾರೆ" ಎಂದಳು.

ಆರಿಸಿದೆ. ಆ ವಾರವೇ ಹದವಾದ ಮಳೆ ಸುರಿಯಿತು! ನನ್ನ ವಿಜ್ಞಾನದ ಮಾನ ಹೋಯಿತು, ಊರು ಬಿತ್ತನೆಗೆ ಓಡಿತು. ನಾನು ಇಡೀ ವರ್ಷ ಕಾದಿದ್ದ ಮಳೆಮೋಡಗಳು ಅಳತೆಗೆ ಸಿಗದೆ ಕರಗಿದ್ದವು.

"ಊರೆಲ್ಲ ನಗ್ತೈತೆ, ನಿಂದ್ಯಾಕಪ್ಪ ಹಿಂಗೆ ಮಕ?" ಬೋರಮ್ಮ ತಟ್ಟೆಗೆ ಮುದ್ದೆ ಇಡುತ್ತ ಕೇಳಿದಳು.

"ಅಳೆಯೋದು ತಪ್ಪಿಹೋಯ್ತು."

"ಹೊಲ ನೆನೀತಲ್ಲ, ಉಣ್ಣು."

ಬಳಿಕ ಯಂತ್ರ ಮೊಳಕಾಲ್ಮೂರಿನ ನೇಕಾರರೊಬ್ಬರ ಮಾಳಿಗೆ ಸೇರಿತು. ಅವರು ಕೇಳಿದ್ದು ಇಷ್ಟೇ: "ಧೂಳು ಹಿಡೀತೈತಾ? ಮಗ್ಗದ ಮನೇಗೂ ಒಂದು ಕೊಡ್ರಿ."

ಈಗ ಹವಾಮಾನದ ಮಾದರಿಗಳು ಎಷ್ಟೋ ಸೂಕ್ಷ್ಮವಾಗಿವೆ. ಕಣ ಮತ್ತು ಮೋಡಗಳ ಲೆಕ್ಕ ಬಂದಾಗ ಮಾತ್ರ ಇನ್ನೂ ತಡವರಿಸುತ್ತವೆ. ನನ್ನ ಹಳೆಯ ಅಂಕಿಗಳ ನಡುವೆ ಆ ಮಳೆಯ ವಾರದ ಖಾಲಿ ಜಾಗವನ್ನು ಅಂದಾಜಿನಿಂದ ತುಂಬಿಬಿಡೋಣ ಎಂದು ಜೊತೆಗಾರರು ಹೇಳುತ್ತಲೇ ಇರುತ್ತಾರೆ. ಆ ಖಾಲಿ ಜಾಗ ಕಂಡರೆ ಬಹಳ ವರ್ಷ ನನಗೂ ಮುಜುಗರವಿತ್ತು. ಬಸ್ಸು ಹತ್ತಿ ಕೂತಾಗ ಅದರ ಬಗ್ಗೆ ಮತ್ತೆ ಯೋಚಿಸಿದೆ. ಅದು ಹಾಗೇ ಇರಲಿ. ಯಾರಾದರೂ ಕೇಳಿದರೆ, ಆ ವಾರ ಪರಶುರಾಂಪುರದಲ್ಲಿ ಬಿತ್ತನೆಯಾಯಿತು ಎನ್ನುತ್ತೇನೆ.