ಆಗ್ನೇಯ ಮೂಲೆಯ ಟಿವಿ

ಅರವತ್ತು ದಾಟಿದರೂ ಅಮ್ಮ ಸಮುದ್ರ ನೋಡಿರಲಿಲ್ಲ. ಕರೆದಾಗಲೆಲ್ಲ "ನನ್ ಸೀರಿಯಲ್ ಯಾರು ನೋಡ್ತಾರೆ?" ಅನ್ನುತ್ತಿದ್ದಳು. ಕಾರ್ಖಾನೆಯಿಂದ ನಿವೃತ್ತರಾದ ಅಪ್ಪನಿಗೋ ಅವಳಿಗೆ ಕಡಲು ತೋರಿಸಲೇಬೇಕೆಂಬ ಹಟ. ಹಳೆಯ ವ್ಯಾನೊಂದನ್ನು ಕೊಂಡು, ಹಿಂದಿನ ಸೀಟುಗಳನ್ನೆಲ್ಲ ಕೀಳಿಸಿ, ಮಂಚ ಹಾಕಿಸಿ, ವಿಜಯನಗರದ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದರು. ಬೀದಿಯವರು ಆಂಬುಲೆನ್ಸ್ ಅಂದುಕೊಂಡು ಯಾರಿಗೆ ಏನಾಯಿತೆಂದು ವಿಚಾರಿಸಿ ಹೋದರು. ಇನ್ನು ಬಾಕಿ ಇದ್ದದ್ದು ಟಿವಿ.

ಅಂಗಡಿಯಲ್ಲಿ ಆಗಷ್ಟೇ ಬಂದಿದ್ದ ತೆಳು ಟಿವಿಗಳನ್ನು ಅಪ್ಪ ಬೆರಳಿನಿಂದ ತಟ್ಟಿ ನೋಡಿದರು. "ಹಪ್ಪಳ ಇದ್ದಂಗಿದೆ. ಘಾಟಿ ಇಳಿಯೋ ಹೊತ್ತಿಗೆ ಪುಡಿ ಆಗುತ್ತೆ" ಎಂದು, ಇಬ್ಬರು ಹೊರಬೇಕಾದ ಡಬ್ಬ ಟಿವಿಯನ್ನೇ ಆರಿಸಿದರು.

ಅದನ್ನು ಕೂರಿಸಲು ನಾಯಂಡಹಳ್ಳಿಯಿಂದ ಮೆಕ್ಯಾನಿಕ್ ಬಂದಾಗ ಅಪ್ಪ ದಿಕ್ಸೂಚಿ ಹಿಡಿದು ಕಾಯುತ್ತಿದ್ದರು. ಕರೆಂಟಿನ ವಸ್ತು ಅಂದರೆ ಬೆಂಕಿ. ಬೆಂಕಿ ಇರಬೇಕಾದದ್ದು ಆಗ್ನೇಯದಲ್ಲಿ. ವಾಸ್ತುವಿಗಾಗಿ ಅಡುಗೆಮನೆಯನ್ನೇ ಒಡೆಸಿ ಕಟ್ಟಿಸಿದವರು ವ್ಯಾನನ್ನು ಬಿಡುತ್ತಾರೆಯೇ? ಗಾಡಿಯ ಮೂತಿ ಪಶ್ಚಿಮಕ್ಕಿತ್ತು. ಆಗ್ನೇಯ ಅಂದರೆ ಹಿಂದಿನ ಎಡ ಮೂಲೆ. ಹಿಂದೆ ಹತ್ತಲು ಇದ್ದ ಒಂದೇ ಬಾಗಿಲು ಅಲ್ಲೇ ಇತ್ತು.

"ಸಾರ್, ಗಾಡಿ ತಿರುಗುತ್ತಲ್ವಾ? ಆಗ್ನೇಯಾನೂ ತಿರುಗುತ್ತೆ," ಎಂದ ಮೆಕ್ಯಾನಿಕ್.

"ಹೊರಡೋವಾಗ ಹೆಂಗಿತ್ತು ಅನ್ನೋದಷ್ಟೇ ಲೆಕ್ಕ ಕಣಪ್ಪ. ಮುಹೂರ್ತ ನೋಡೋದೂ ಹೊರಡೋಕೇ ತಾನೆ?"

ಅವನು ಬಾಗಿಲಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿ ಹೊಡೆದು, ಟಿವಿ ಬಿಗಿದು, ಬ್ಯಾಟರಿಯಿಂದ ಅದಕ್ಕೆ ಕರೆಂಟು ಎಳೆದು, ಮೇಲೊಂದು ಆಂಟೆನಾ ನಿಲ್ಲಿಸಿ ಹೋದ. ನನಗೆ ಮೈಯೆಲ್ಲ ಉರಿಯಿತು. "ಅಮ್ಮ ಮಂಚಕ್ಕೆ ಹೋಗೋದು ಹೆಂಗೆ?" ಎಂದೆ.

"ಮುಂದಿನ ಸೀಟುಗಳ ಸಂದೀಲಿ ನುಸುಳಿದ್ರಾಯ್ತು."

ಹೊರಡುವ ದಿನ ಅಮ್ಮ ಸ್ಟೂಲಿನ ಮೇಲೆ ಕಾಲಿಟ್ಟು, ನನ್ನ ಹೆಗಲು ಹಿಡಿದು, ಹೇಗೋ ಮುಂದಿನ ಸೀಟಿಗೆ ಹತ್ತಿದಳು. ಸಂದಿಯನ್ನೊಮ್ಮೆ, ತನ್ನ ಮಂಡಿಯನ್ನೊಮ್ಮೆ ನೋಡಿಕೊಂಡಳು. "ಒಳಗೆ ಹೋಗೋಕೆ ನನ್ ಕೈಲಾಗಲ್ಲ. ಇಳಿಯೋಕೂ ಆಗಲ್ಲ. ಹೊರಡಿ," ಎಂದಳು. ಟಿವಿ ಯಾರಿಗಾಗಿ ಬಂತೋ ಅವಳು ಅದಕ್ಕೆ ಬೆನ್ನು ಹಾಕಿ ಕೂತಳು. ಆ ಸೀರಿಯಲ್ ಕಂಡರೆ ಆಗದ ನಾನು ಅದರೆದುರು ಮಂಚದ ಮೇಲೆ.

ಅಂದು ಸಂಜೆ ಕಡಲ ದಂಡೆಯಲ್ಲಿ ಗಾಡಿ ನಿಲ್ಲಿಸಿದ್ದೇ ಅಪ್ಪ ದಿಕ್ಸೂಚಿ ತೆಗೆದರು. ಮುಖ ಅರಳಿತು. "ನೋಡಿದ್ಯಾ? ಎದುರಿಗೆ ಪಶ್ಚಿಮ. ಟಿವಿ ಕರೆಕ್ಟಾಗಿ ಆಗ್ನೇಯದಲ್ಲಿದೆ." ನಾನು ತಲೆ ಚಚ್ಚಿಕೊಂಡೆ. ಅವರು ಮೇಲೆ ಹತ್ತಿ ಆಂಟೆನಾ ತಿರುಗಿಸಿದರು. ಚಿತ್ರ ಬಂತೋ ಇಲ್ಲವೋ ಎಂದು ನಾನು ಒಳಗಿಂದ ಕೂಗಿ ಹೇಳುತ್ತಿದ್ದೆ. ಸೀರಿಯಲ್ ಹೊತ್ತಿಗೆ ಸರಿಯಾಗಿ ಚಿತ್ರ ಬಂತು. ಅಪ್ಪ ಕೆಳಗಿಳಿದು ಬಂದು, ಡ್ರೈವರ್ ತಲೆಯ ಹತ್ತಿರದ ಕನ್ನಡಿಯನ್ನು ಅಮ್ಮನ ಕಡೆ ತಿರುಗಿಸಿದರು. ಅದರಲ್ಲಿ ಅತ್ತೆ ಬಯ್ಯುತ್ತಿದ್ದಳು, ಸೊಸೆ ಅಳುತ್ತಿದ್ದಳು.

ಅಮ್ಮ ಒಂದು ಬೆರಳಿನಿಂದ ಕನ್ನಡಿಯನ್ನು ಮೇಲಕ್ಕೆ ತಳ್ಳಿದಳು.

"ಯಾಕೆ, ಕಾಣಿಸ್ತಿಲ್ವಾ?" ಎಂದರು ಅಪ್ಪ.

"ಅಡ್ಡ ಬರ್ತಿದೆ ಕಣ್ರೀ," ಎಂದಳು ಅಮ್ಮ, ಕಡಲಿನಿಂದ ಕಣ್ಣು ಕೀಳದೆ. "ಆ ಟಿವಿ ಆಫ್ ಮಾಡ್ಸಿ."