ಲಾರಿ ಅಂಕಲ್ ಸ್ಟೇರಿಂಗ್ ಹಿಡಿಯದ ದಿನ

ಹೋದ ವಾರ ಮೆಜೆಸ್ಟಿಕ್‌ನಿಂದ ಮನೆಗೆ ಬರಲು ಟ್ಯಾಕ್ಸಿ ಹಿಡಿದೆ. ಬಾಗಿಲು ತೆಗೆದ ಕೂಡಲೇ ಲವಂಗದ ವಾಸನೆ ಬಂತು. ಡ್ರೈವರ್ ಒಂದು ಲವಂಗವನ್ನು ದವಡೆಗೆ ಒತ್ತಿಟ್ಟುಕೊಂಡಿದ್ದ. "ನಿದ್ದೆ ಬರಬಾರ್ದು ಅಂತ ಮೇಡಂ, ಬೆಳಗ್ಗೆ ನಾಲ್ಕಕ್ಕೆ ಎದ್ದಿದೀನಿ" ಎಂದ. ದಾರಿಯುದ್ದಕ್ಕೂ ನಾನು ಸೀಟಿನ ಅಂಚು ಹಿಡಿದುಕೊಂಡು ಕನ್ನಡಿಯಲ್ಲಿ ಅವನ ಕಣ್ಣುಗಳನ್ನೇ ನೋಡುತ್ತ ಕುಳಿತಿದ್ದೆ. ಅವನು ಏನೆಂದುಕೊಂಡನೋ... ನನಗೆ ಮಾತ್ರ ಚಾಮರಾಜಪೇಟೆಯ ನಮ್ಮ ಹಳೆಯ ವಠಾರ, ಅದರ ಕೊನೆಯ ಮನೆ, ಆ ಮನೆಯ ಲಾರಿ ಅಂಕಲ್ ನೆನಪಾಗಿದ್ದರು. ಅವರ ಬಳಿಯೂ ಇದೇ ವಾಸನೆ ಇರುತ್ತಿತ್ತು.

ಅವರು ಮುಂಬೈ, ಸೂರತ್ ಕಡೆಗೆ ಲೋಡು ಹೊಡೆಯುತ್ತಿದ್ದರು. ಹತ್ತು ಹನ್ನೆರಡು ದಿನಕ್ಕೊಮ್ಮೆ ಮನೆಗೆ ಬಂದರೆ ಎರಡೇ ದಿನ ಇರುತ್ತಿದ್ದುದು. ಮೊದಲ ದಿನವೆಲ್ಲ ನಿದ್ದೆ. ನಡುಮನೆಯಲ್ಲಿ ಚಾಪೆ ಹಾಸಿ, ಪಾದಗಳು ಹೊಸ್ತಿಲಿಗೆ ತಾಗುವಂತೆ ಮಲಗುತ್ತಿದ್ದರು. ಆಂಟಿ ಅವತ್ತು ಕುಕ್ಕರ್ ಇಡುತ್ತಿರಲಿಲ್ಲ. ಸೊಪ್ಪಿನವಳು ಕೂಗುವ ಮೊದಲೇ ಗೇಟಿನ ಬಳಿ ಓಡಿಹೋಗಿ ಕೈಸನ್ನೆ ಮಾಡುತ್ತಿದ್ದರು. ಎದ್ದ ಮೇಲೆ ಅಂಕಲ್ ಕೇಳುತ್ತಿದ್ದ ಮೊದಲ ಮಾತು, "ಇವತ್ತು ಯಾವ ವಾರ?"

ಎರಡನೆಯ ದಿನ ಕ್ಷೌರ, ಎಣ್ಣೆಸ್ನಾನ, ಆಮೇಲೆ ಗಾಂಧಿ ಬಜಾರಿನವರೆಗೆ ನಡಿಗೆ. ರಜೆಯಲ್ಲಿ ಬಸ್ಸು ಆಟೋ ಯಾವುದನ್ನೂ ಹತ್ತುತ್ತಿರಲಿಲ್ಲ. ಸಂಜೆ ಕಟ್ಟೆಯ ಮೇಲೆ ಕೂತು ಆಂಟಿಗೆ ಅವರೆಕಾಳು ಸುಲಿದುಕೊಡುತ್ತಿದ್ದರು. ಆದರೆ ಆ ಎರಡು ದಿನ ನೆಮ್ಮದಿಯಾಗಿರುತ್ತಿತ್ತು ಎಂದು ಹೇಳಲಾರೆ. ಒಳಗೆ ಫೋನ್ ಹೊಡೆದುಕೊಂಡರೆ ಸಾಕು, ಆಂಟಿಯ ಕೈ ನಿಂತುಬಿಡುತ್ತಿತ್ತು. ಆಫೀಸಿನವರು 'ಅರ್ಜೆಂಟ್ ಲೋಡು, ಹೊರಡು' ಎಂದರೆ ರಜೆ ಅಲ್ಲಿಗೇ ಮುಗಿಯಿತು. ಒಮ್ಮೆ ಆಂಟಿ ಆ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಿದ್ದನ್ನು ನಾನೇ ನೋಡಿದ್ದೇನೆ.

ವಠಾರದ ಯಜಮಾನರ ಬಳಿ ಒಂದು ಹಳೆಯ ಕಾರಿತ್ತು. ವಯಸ್ಸಾದ ಮೇಲೆ ಅವರು ಓಡಿಸುವುದು ಬಿಟ್ಟಿದ್ದರು. ಬ್ಯಾಟರಿ ಸಾಯದಿರಲೆಂದು ಅಂಕಲ್ ರಜೆಗೆ ಬಂದಾಗಲೊಮ್ಮೆ ಅದನ್ನು ಸ್ಟಾರ್ಟ್ ಮಾಡುತ್ತಿದ್ದರು. ನಾನು ಆಗ ಡಿಗ್ರಿ ಕೊನೆಯ ವರ್ಷ. ಕಲಿಸಿ ಎಂದು ಗಂಟುಬಿದ್ದು ಲರ್ನಿಂಗ್ ಲೈಸೆನ್ಸ್ ಮಾಡಿಸಿಕೊಂಡೆ. ನಾಲ್ಕೇ ನಾಲ್ಕು ದಿನ ಬೆಳಗ್ಗೆ ಶಂಕರಪುರಂನ ಖಾಲಿ ರಸ್ತೆಗಳಲ್ಲಿ ಪಾಠವಾಗಿತ್ತು. "ಎಡಗಾಲಿಗೆ ಆತುರ ಬೇಡ ಪುಟ್ಟಿ, ಕ್ಲಚ್ ಮೆಲ್ಲಗೆ ಬಿಡು" ಎನ್ನುತ್ತಿದ್ದರು. ರಜೆಯೆಲ್ಲ ಯಾಕೆ ಮಲಗಿಯೇ ಕಳೆಯುತ್ತೀರಿ ಎಂದು ಒಂದು ದಿನ ಕೇಳಿದೆ.

"ಒಂದ್ಸಲ ಶಿರಾ ದಾಟಿದ್ದು ನೆನಪಿದೆ. ಆಮೇಲೆ ನೋಡಿದ್ರೆ ನೆಲಮಂಗಲ. ಮಧ್ಯೆ ತುಮಕೂರು ಬಂದಿದ್ದೇ ಗೊತ್ತಿಲ್ಲ. ಕಣ್ಣು ತೆರೆದೇ ಇತ್ತು ಪುಟ್ಟಿ, ಗಾಡಿ ಓಡ್ತಾನೇ ಇತ್ತು. ನಾನು ಮಾತ್ರ ಇರ್ಲಿಲ್ಲ." ಗೇರಿನ ಮೇಲಿದ್ದ ನನ್ನ ಕೈ ಸರಿಪಡಿಸುತ್ತ, "ಅವತ್ತಿಂದ ನಿದ್ದೆ ಆಗದೆ ಸ್ಟೇರಿಂಗ್ ಮುಟ್ಟಲ್ಲ" ಎಂದರು. ಆಫೀಸಿನವರೊಂದಿಗೆ ಅವರ ಜಗಳವೆಲ್ಲ ಇದಕ್ಕೇ.

ಇದಾದ ಎರಡು ತಿಂಗಳಿಗೇನೋ ಅಪ್ಪನಿಗೆ ಎದೆನೋವು ಬಂತು. ಬೆಳಗ್ಗೆ ಹನ್ನೊಂದು ಗಂಟೆ. ಅಪ್ಪ ಪೇಪರ್ ಓದುತ್ತಿದ್ದವರು ಹಾಗೇ ಗೋಡೆಗೆ ಒರಗಿದರು, ಬನಿಯನ್ ಪೂರ್ತಿ ಬೆವರು. ಅವತ್ತು ಆಟೋ ಮುಷ್ಕರ. ಆಂಬುಲೆನ್ಸ್ ದೂರದಲ್ಲಿದೆ, ಮುಕ್ಕಾಲು ಗಂಟೆಯಾದೀತು ಎಂದರು. ಯಜಮಾನರು ಕಾರಿನ ಕೀ ಹಿಡಿದುಕೊಂಡು ಬಂದರು. ಅಮ್ಮ ಕೊನೆಯ ಮನೆಗೆ ಓಡಿದಳು, ಹಿಂದೆಯೇ ನಾನು. ಅಂಕಲ್ ಅರ್ಧ ಗಂಟೆಯ ಹಿಂದಷ್ಟೇ ಸೂರತ್‌ನಿಂದ ಬಂದು ಚಾಪೆ ಹಾಸುತ್ತಿದ್ದರು.

"ಅಣ್ಣಾ, ಬೇಗ ಬನ್ನಿ. ಇವರಿಗೆ ಎದೆನೋವು, ಕಾರ್ ತೆಗೀರಿ."

ಅಂಕಲ್ ಎದ್ದು ನಿಂತರು. ಗೋಡೆಗೆ ಕೈಯೂರಿದ್ದರು. "ಅಕ್ಕಾ, ನಾನು ಓಡ್ಸಲ್ಲ."

"ಏನಂದ್ರಿ?"

"ಎರಡು ದಿನದಿಂದ ಕಣ್ಣು ಮುಚ್ಚಿಲ್ಲ. ಬದಲಿ ಡ್ರೈವರ್ ಬರ್ಲೇ ಇಲ್ಲ, ಓಡಿಸ್ಬಾರ್ದಿತ್ತು, ಒಬ್ನೇ ಓಡಿಸ್ಕೊಂಡು ಬಂದೆ. ನಿಂತಿರೋ ನೆಲ ಓಡ್ತಿದೆ ನಂಗೆ. ಪುಟ್ಟಿ ಓಡ್ಸ್ಲಿ, ನಾನು ಪಕ್ಕದಲ್ಲಿ ಕೂತ್ಕೋತೀನಿ."

"ಮೂವತ್ತು ವರ್ಷ ಲಾರಿ ಓಡಿಸ್ದೋರು ನೀವು! ಮೂರು ಕಿಲೋಮೀಟರ್ ಆಗಲ್ವಾ? ಅವಳಿಗೆ ನೆಟ್ಟಗೆ ಗೇರ್ ಹಾಕೋಕೆ ಬರಲ್ಲ!" ಅಮ್ಮನ ದನಿ ಸೀಳಿಹೋಯಿತು. ಅಕ್ಕಪಕ್ಕದವರು ಬಂದು ಸೇರಿದರು. ಬೈದರು, ಬೇಡಿಕೊಂಡರು. ಅಂಕಲ್ ತಲೆ ಎತ್ತಲಿಲ್ಲ. ಯಜಮಾನರ ಕೈಯಿಂದ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು.

ಹಿಂದಿನ ಸೀಟಿನಲ್ಲಿ ಅಪ್ಪನ ತಲೆ ಅಮ್ಮನ ತೊಡೆಯ ಮೇಲೆ. ಎರಡು ಸಲ ಕಾರು ಆಫ್ ಆಯಿತು. "ಮೆಲ್ಲಗೆ... ಈಗ ಬಿಡು..." ಅಂಕಲ್ ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಬುಲ್ ಟೆಂಪಲ್ ರಸ್ತೆಗೆ ಬಿದ್ದಾಗ ಎಡಗಡೆ ಬಸ್ಸು, ಬಲಗಡೆ ನೀರಿನ ಟ್ಯಾಂಕರ್. "ಹಾರ್ನ್ ಹೊಡೀತಾನೇ ಹೋಗು, ಕಾಲು ಬ್ರೇಕ್ ಮೇಲೇ ಇರ್ಲಿ. ಬಸ್ಸಿನ ಹಿಂದೇನೇ ಹೋಗು, ಅದು ದಾರಿ ಮಾಡ್ಕೊಡತ್ತೆ." ಆ ದನಿಯನ್ನು ಹಿಡಿದುಕೊಂಡೇ ನಾನು ಓಡಿಸುತ್ತಿದ್ದೆ. ಹಿಂದೆ ಅಪ್ಪನ ಉಸಿರು ಗೊರಗೊರ ಎನ್ನುತ್ತಿತ್ತು.

ಆಶ್ರಮದ ಸರ್ಕಲ್ ಹತ್ತಿರ ಬಂತು. ನಾಲ್ಕೂ ಕಡೆಯಿಂದ ಗಾಡಿಗಳು. "ಅಂಕಲ್, ಎಡಕ್ಕಾ, ನೇರಕ್ಕಾ?" ಉತ್ತರವಿಲ್ಲ. "ಅಂಕಲ್!" ಒಂದು ಕ್ಷಣ ತಿರುಗಿ ನೋಡಿದೆ.

ಅವರು ನೆಟ್ಟಗೆ ಕೂತಿದ್ದರು. ಕಣ್ಣು ತೆರೆದಿತ್ತು, ರಸ್ತೆಯ ಕಡೆಗೇ ಇತ್ತು. ಆದರೆ ಆ ಕಣ್ಣಿನಲ್ಲಿ ಯಾರೂ ಇರಲಿಲ್ಲ.

ಶಿರಾ, ನೆಲಮಂಗಲ... ಈ ಹೊತ್ತಿನಲ್ಲಿ ಸ್ಟೇರಿಂಗ್ ಅವರ ಕೈಯಲ್ಲಿದ್ದಿದ್ದರೆ? ಹಿಂದಿನಿಂದ ಯಾರೋ ಒಂದೇ ಸಮನೆ ಹಾರ್ನ್ ಹೊಡೆದರು. ಅವರನ್ನು ಅಲುಗಿಸಲು ನನ್ನ ಕೈಗೆ ಬಿಡುವಿರಲಿಲ್ಲ. ಎಡಕ್ಕೆ ತಿರುಗಿಸಿದೆ. ಗಾಂಧಿ ಬಜಾರಿನ ಜನ, ಹೂವಿನ ಬುಟ್ಟಿಗಳು, ಅಡ್ಡ ಬಂದ ಸ್ಕೂಟರ್... ಹೇಗೆ ದಾಟಿದೆನೋ ತಿಳಿಯದು. ಸೌತ್ ಎಂಡ್ ಸರ್ಕಲ್ ಆಚೆಯ ಆಸ್ಪತ್ರೆಯ ಗೇಟಿನಲ್ಲಿ ಬ್ರೇಕ್ ಒತ್ತಿದಾಗ ಕಾರು ಜಗ್ಗಿ ನಿಂತಿತು. ಅಂಕಲ್ ಬೆಚ್ಚಿದರು.

"ಆಶ್ರಮದ ಸರ್ಕಲ್ ಬಂತು, ಎಡಕ್ಕೆ ತಗೋ" ಎಂದರು.

ಅಪ್ಪ ಉಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ವಠಾರದಲ್ಲಿ ನನ್ನದೇ ಮಾತು. ಎಂಥಾ ಧೈರ್ಯದ ಹುಡುಗಿ, ಗಂಡುಮಗನಂತೆ ಅಪ್ಪನನ್ನು ಉಳಿಸಿಕೊಂಡಳು! ಅಂಕಲ್ ಬಗ್ಗೆ ಬೇರೆಯೇ ಮಾತು. ಕುಡಿದಿದ್ದರಂತೆ, ಅದಕ್ಕೇ ಓಡಿಸಲಿಲ್ಲವಂತೆ. ಅಮ್ಮ ಎಲ್ಲರ ಮುಂದೆಯೂ ಹೇಳುತ್ತಿದ್ದಳು, "ಅರ್ಧ ದಾರಿಯಿಂದ ಬಾಯೇ ಬಿಡ್ಲಿಲ್ಲ ಆ ಮನುಷ್ಯ, ಕಲ್ಲಿನ ಹಾಗೆ ಕೂತಿದ್ದ." ಆಂಟಿ ನಲ್ಲಿಯ ಬಳಿ ಬಂದರೆ ಅಮ್ಮ ಕೊಡ ತೆಗೆದುಕೊಂಡು ಒಳಗೆ ಬರುತ್ತಿದ್ದಳು. ಅಂಕಲ್ ರಜೆಗೆ ಬಂದಾಗ ಅಪ್ಪನನ್ನು ನೋಡಲು ಬಾಗಿಲವರೆಗೆ ಬಂದರು. ಅಮ್ಮ ಬನ್ನಿ ಎನ್ನಲಿಲ್ಲ. ಹಿಂದಿರುಗಿ ಹೋದರು. ಸರ್ಕಲ್‌ನಲ್ಲಿ ಅವರ ಆ ಕಣ್ಣುಗಳನ್ನು ಕಂಡದ್ದು ನಾನೊಬ್ಬಳೇ, ನಾನು ಬಾಯಿ ಬಿಡಲಿಲ್ಲ. ಮುಂದಿನ ಯುಗಾದಿಗೆ ಅವರು ಮನೆ ಖಾಲಿ ಮಾಡಿ ಕುಣಿಗಲ್ ಕಡೆಯ ತಮ್ಮ ಊರಿಗೆ ಹೋದರು. ಹದಿನೈದು ವರ್ಷವಾಯಿತು.

ಹೋದ ವಾರ ಆ ಟ್ಯಾಕ್ಸಿಯಿಂದ ಇಳಿದು ಮನೆಗೆ ಬಂದವಳು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಕೈಯಲ್ಲಿದ್ದ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ನಂಬರ್ ಸಿಗತ್ತಾ ನೋಡು" ಎಂದಳು. ಯಜಮಾನರ ಮಗನಿಂದ ಆಂಟಿಯ ನಂಬರ್ ಸಿಕ್ಕಿತು. ಸ್ಪೀಕರ್ ಹಾಕಿ ಅಮ್ಮನೇ ಮಾತಾಡಿದಳು.

"ಅಣ್ಣ ಹೇಗಿದಾರೆ?"

"ಅವರು ಹೋಗಿ ಆರು ವರ್ಷ ಆಯ್ತಕ್ಕ. ಶುಗರ್ ಇತ್ತು, ಕಿಡ್ನಿಗೆ ಬಂತು. ನಿಮ್ಮನೆಯವರು ಚೆನ್ನಾಗಿದಾರಾ? ಅವರ ಬಗ್ಗೆ ಇವರು ಕೇಳ್ತಾನೇ ಇರೋರು."

"ಚೆನ್ನಾಗಿದಾರೆ... ವಾಕಿಂಗ್ ಹೋಗಿದಾರೆ" ಎಂದ ಅಮ್ಮ ಫೋನನ್ನು ನನ್ನ ಕೈಗಿತ್ತಳು.

ಸರ್ಕಲ್‌ನಲ್ಲಿ ಕಂಡದ್ದನ್ನು ಹೇಳಿದೆ. ಆಂಟಿ ತಡೆದರು. "ಅವರಿಗೆ ಗೊತ್ತಿತ್ತು ಪುಟ್ಟಿ. 'ಕಾರಲ್ಲೇ ನಿದ್ದೆ ಹೋಗ್ಬಿಟ್ಟೆ ಕಣೇ, ಆ ಹುಡುಗಿ ಯಾರಿಗೂ ಹೇಳ್ಲಿಲ್ಲ, ನನ್ನ ಮರ್ಯಾದೆ ಉಳಿಸಿದ್ಲು' ಅನ್ನೋರು. ಕೊನೇವರ್ಗೂ ನಿನ್ನ ಮೇಲೆ ಅದೇ ಅಭಿಮಾನ."

ಹೌದೆಂದು ಸುಮ್ಮನಾಗಬಹುದಿತ್ತು. ಆಗಲಿಲ್ಲ. "ಮರ್ಯಾದೆಗಲ್ಲ ಆಂಟಿ. ಎಲ್ರೂ ನನ್ನನ್ನ ಹೊಗಳ್ತಿದ್ರು. ಅದು ಚೆನ್ನಾಗಿತ್ತು, ಅದಕ್ಕೇ..."



"ಇರ್ಲಿ ಬಿಡು" ಎಂದರು ಆಂಟಿ. "ಅವರು ಹಾಗೆ ಅಂದ್ಕೊಂಡೇ ಹೋದ್ರಲ್ಲ."