ಕಿವಿ ಮಷಿನ್ನಿಗೆ ಹಚ್ಚಿದ ಭಂಡಾರ

ನನ್ನ ಚೀಲದಲ್ಲಿ ಹಲ್ಲುಜ್ಜುವ ಹಳೆಯ ಬ್ರಷ್ ಒಂದಿದೆ. ಅದರ ಎಳೆಗಳೆಲ್ಲ ಹಳದಿಗಟ್ಟಿರುವುದರಿಂದ, ಪೆನ್ನು ಹುಡುಕುವಾಗ ಅದು ಹೊರಬಿದ್ದರೆ ಪಕ್ಕದವರು ನನ್ನ ಹಲ್ಲಿನ ಕಡೆ ಕಳ್ಳನೋಟ ಬೀರುವುದುಂಟು. ಗೆಳೆಯರೇ, ನನ್ನ ಹಲ್ಲು ಚೆನ್ನಾಗಿಯೇ ಇವೆ. ಅದು ಭಂಡಾರದ ಹಳದಿ, ಕುರಿಗಾರರು ತಮ್ಮ ದೇವರು ಬೀರಪ್ಪನ ಹೆಸರು ಹೇಳಿ ಹಣೆಗೆ ಹಚ್ಚಿಕೊಳ್ಳುವ ಅರಿಶಿನದ ಪುಡಿ.

ಯಾದಗಿರಿ ತಾಲ್ಲೂಕಿನ ಊರೂರು ಅಲೆದು, ಕಿವಿಯೋ ಕಣ್ಣೋ ಕಾಲೋ ಸ್ವಲ್ಪ ಬೇರೆ ರೀತಿ ಇರುವ ಮಕ್ಕಳು ಶಾಲೆಯಲ್ಲಿ ಉಳಿಯುವಂತೆ ನೋಡಿಕೊಳ್ಳುವ ವಿಶೇಷ ಶಿಕ್ಷಕಿ ನಾನು. ಬಳಿಚಕ್ರದ ಮಾಳಮ್ಮ ಎರಡನೆಯ ತರಗತಿಯ ಹುಡುಗಿ. ಕಿವಿ ಮಂದ. ಶಿಬಿರದಲ್ಲಿ ಶ್ರವಣ ಸಾಧನ ಕೊಟ್ಟು ವರ್ಷವಾಗುತ್ತ ಬಂದಿದ್ದರೂ ಹೆಸರು ಕರೆದರೆ ತಿರುಗುತ್ತಿರಲಿಲ್ಲ, ಬಾಯಿ ಬಿಡುತ್ತಿರಲಿಲ್ಲ. ಅವಳ ಮೇಷ್ಟ್ರು ಕೆಟ್ಟವರಲ್ಲ, ಕಿಕ್ಕಿರಿದ ತರಗತಿಯಲ್ಲಿ ಸಾಕಾಗಿ ಹೋದವರು. ಬರುವ ಜೂನಿನಿಂದ ಅವಳು ಮನೆಯಲ್ಲೇ ಕಲಿಯಲಿ, ನೀವೇ ಹೋಗಿ ಪಾಠ ಹೇಳಿ ಎಂದರು. ಅಷ್ಟು ಊರುಗಳ ನಡುವೆ ನಾನು ಎಷ್ಟು ಸಲ ಹೋದೇನು? ಆಟದ ಬಯಲು, ಬಿಸಿಯೂಟದ ಸಾಲು, ಪಕ್ಕದಲ್ಲಿ ಕೂರುವ ಗೆಳತಿ, ಇವಿಷ್ಟೂ ಅವಳ ಕೈತಪ್ಪುತ್ತಿದ್ದವು. ನಾನು ಅವಳ ಮನೆಗೇ ಹೊರಟೆ.

ಅಪ್ಪ ಕುರಿ ಹಿಂಡಿನೊಂದಿಗೆ ದೂರದ ಹೊಲಗಳಿಗೆ ಹೋಗಿದ್ದ. ಮನೆಯಲ್ಲಿ ಮಾಳಮ್ಮನ ಜೊತೆ ಇದ್ದವರು ಅಜ್ಜಿ ಮತ್ತು ತಾಯಿ ಯಾದಮ್ಮ. ಮಷಿನ್ ಎಲ್ಲಿ ಎಂದು ಕೇಳಿದರೆ ಅಜ್ಜಿ ದೇವರ ಜಗಲಿಯಿಂದ ಅದನ್ನೆತ್ತಿ, ಕಣ್ಣಿಗೊತ್ತಿಕೊಂಡು, ಎರಡು ಕೈಯಲ್ಲಿ ನನ್ನ ಮುಂದೆ ಹಿಡಿದಳು. ಅದು ಗುರುತೇ ಸಿಗದಷ್ಟು ಹಳದಿಯಾಗಿತ್ತು. ಶಾಲೆಗೆ ಹೊರಡುವ ಮುನ್ನ ದಿನಾ ಭಂಡಾರ ಹಚ್ಚಿ, ಆಮೇಲೇ ಮೊಮ್ಮಗಳ ಕಿವಿಗೆ ಸಿಕ್ಕಿಸುತ್ತಿದ್ದಳಂತೆ.

"ಹೊಸಾ ಸಾಮಾನ ಮನಿಗಿ ಬಂದ್ರ ಭಂಡಾರ ಹಚ್ಚಲಾರ್ದ ಹೆಂಗ ಬಳಸೋದ್ರಿ ಟೀಚರ್ರ?" ಎಂದಳು.

ನಗು ಬಂತು. ನಗಲು ನನಗೇನು ಹಕ್ಕಿದೆ ಹೇಳಿ, ಆಯುಧಪೂಜೆಯಂದು ನಮ್ಮ ಕಚೇರಿಯ ಕಂಪ್ಯೂಟರುಗಳಿಗೆ ಸಾಲಾಗಿ ಕುಂಕುಮವಿಟ್ಟು ಮಂಡಕ್ಕಿ ಹಂಚಿದವಳೂ ನಾನೇ. ಧ್ವನಿ ಒಳಗೆ ಹೋಗುವ ಸಣ್ಣ ತೂತುಗಳಲ್ಲೆಲ್ಲ ಭಕ್ತಿ ತುಂಬಿ ಕುಳಿತಿತ್ತು. ಒಣ ಬ್ರಷ್ಷಿನಿಂದ ಮೆಲ್ಲಗೆ ಕೆದಕಿ, ನಳಿಕೆ ಊದಿ, ಹೊಸ ಸೆಲ್ ಹಾಕಿ ಹುಡುಗಿಯ ಕಿವಿಗೆ ಸಿಕ್ಕಿಸಿ, ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಮಾಳಮ್ಮ ಬೆಚ್ಚಿ ತಿರುಗಿದಳು. ಗೆದ್ದೆನೆಂದುಕೊಂಡು ಬಸ್ ಹತ್ತಿದೆ.

ಗೆದ್ದಿರಲಿಲ್ಲ. ಕೆಲವು ದಿನ ಬಿಟ್ಟು ಬಂದಾಗ ಮಷಿನ್ ಸ್ವಚ್ಛವಾಗಿತ್ತು, ಹುಡುಗಿ ಮಾತ್ರ ಹಾಗೆಯೇ ಇದ್ದಳು. ಆವತ್ತು ಏನೂ ಮಾಡದೆ ಕಟ್ಟೆಯ ಮೇಲೆ ಸುಮ್ಮನೆ ಕುಳಿತು ನೋಡಿದೆ. ಯಾದಮ್ಮ ಮಗಳ ತಲೆ ಬಾಚಿದಳು, ಲಂಗ ಸರಿಮಾಡಿದಳು, ಕೈ ಬೀಸಿ ಊಟಕ್ಕೆ ಕರೆದಳು. ಇಷ್ಟರಲ್ಲಿ ಒಂದೇ ಒಂದು ಮಾತು ಆಡಲಿಲ್ಲ. ಯಾಕವ್ವ ಎಂದು ಕೇಳಿದೆ.

"ಎರಡ ಭಾಷಿ ಆದ್ರ ಕೂಸಿಗಿ ಗೊಂದಲ ಆಗ್ತದ, ಕನ್ನಡ ಒಂದೇ ಮಾತಾಡ್ರಿ ಅಂತ ಮಷಿನ್ ಕೊಟ್ಟಲ್ಲಿ ಯಾರೋ ಹೇಳಿದ್ರು. ನನಗ ಕನ್ನಡ ನೆಟ್ಟಗ ಬರಂಗಿಲ್ರಿ. ನನ್ನಿಂದ ಅದರ ಮಾತು ಕೆಡಬಾರ್ದಂತ ಸುಮ್ಮನಿದ್ದೀನಿ."

ಯಾದಮ್ಮ ಗುರುಮಠಕಲ್ ಆಚೆಯ ತೆಲುಗು ಸೀಮೆಯ ಹೆಣ್ಣು. ಮಷಿನ್ ಬರುವ ಮೊದಲು ಮಗಳ ಕಿವಿಗೆ ಬಾಯಿಟ್ಟು ದಿನವಿಡೀ ತೆಲುಗಿನಲ್ಲಿ ಏನಾದರೊಂದು ಹೇಳುತ್ತಿದ್ದಳಂತೆ. ಕೇಳಿಸುವ ಸಾಧನ ಬಂದ ದಿನವೇ ಕೇಳಬೇಕಾದ ದನಿ ಅಡಗಿತು. ನನಗೆ ಅಳು ಬಂದುಬಿಟ್ಟಿತು. ನಮ್ಮ ಕಚೇರಿಗಳಲ್ಲಿ ಕಿವಿ ಕೇಳದ ಮಕ್ಕಳಿಗೊಂದು ತರಬೇತಿ, ಮನೆಯಲ್ಲಿ ಬೇರೆ ಭಾಷೆಯಾಡುವ ಮಕ್ಕಳಿಗೆ ಇನ್ನೊಂದು. ಎರಡೂ ಒಂದೇ ಮಗುವಿನಲ್ಲಿ ಕೂಡಿ ಬಂದರೆ ಆ ಮಗುವಿಗೆ ಎಲ್ಲಿ ಜಾಗ? ಮಷಿನ್ ದನಿಯನ್ನು ದೊಡ್ಡದು ಮಾಡುತ್ತದೆ, ಆದರೆ ಮೊದಲು ತಾಯಿ ಮಾತಾಡಬೇಕಲ್ಲ.

ತೆಲುಗಿನಲ್ಲೇ ಮಾತಾಡು, ತಾಯಿಯ ಮಾತು ಬಲಿತರೆ ಅದರ ಆಸರೆಯಲ್ಲಿ ಕನ್ನಡವೂ ಬರುತ್ತದೆ ಎಂದು ಹೇಳಿದೆ. ಅವಳು ನಂಬಲಿಲ್ಲ. ಕೂಸಿನ ಮಾತು ಕೆಟ್ಟರೆ ಯಾರು ಹೊಣೆ ಎಂದು ಕೇಳಿದಳು. ನಾನು ಹೊಣೆ ಎಂದೆ. ಅವಳು ಬೆನ್ನು ಮಾಡಿ ಕುಳಿತಿದ್ದ ಮಗಳನ್ನು ಕರೆದಳು: "ಬಿಡ್ಡಾ, ಬುವ್ವ ತಿಂದಾಂ ರಾ." ಮಗಳೇ, ಅನ್ನ ಉಣ್ಣೋಣ ಬಾ ಎಂದು.

ಮಾಳಮ್ಮ ತಿರುಗಿದಳು. ತಾಯಿಯ ಬಾಯಿಯನ್ನೇ ನೋಡುತ್ತ, ಒಡಕು ದನಿಯಲ್ಲಿ "ಬುವ್ವ" ಎಂದಳು.

ಈ ಜೂನಿನಲ್ಲಿ ಅವಳು ಮೂರನೆಯ ತರಗತಿಯ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಮೇಷ್ಟ್ರು ಮನೆಪಾಠದ ಮಾತು ಬಿಟ್ಟು, ಅವಳಿಗಾಗಿ ಕೆಲವು ತೆಲುಗು ಮಾತು ಕಲಿಯುತ್ತಿದ್ದಾರೆ. ಅವರ ತೆಲುಗಿಗೆ ಅವಳು ನಗುತ್ತಾಳೆ, ಆ ನಗುವೂ ಪಾಠವೇ. ಶಾಲೆ ಶುರುವಾದ ದಿನ ನಾನು ಮನೆಗೆ ಹೋದಾಗ ಅಜ್ಜಿ ಭಂಡಾರದ ಬಟ್ಟಲು ಹಿಡಿದು ದೇವರ ಜಗಲಿಯ ಬಳಿ ನಿಂತಿದ್ದಳು. ನನ್ನ ಕೈ ತಾನಾಗಿ ಬ್ರಷ್ಷಿನ ಕಡೆ ಹೋಯಿತು. ಅಜ್ಜಿ ಅದನ್ನು ಕಂಡು ನಕ್ಕಳು.

"ಮಷಿನ್ನಿಗಿ ಹಚ್ಚಂಗಿಲ್ಲ ಬಿಡ್ರಿ," ಎಂದವಳೇ ಸೊಸೆಯನ್ನು ಹತ್ತಿರ ಕರೆದು, ಅವಳ ಹಣೆ ತುಂಬ ಭಂಡಾರ ಹಚ್ಚಿದಳು.

ಬ್ರಷ್ಷಿಗೆ ಆಮೇಲೆ ಆ ಮನೆಯಲ್ಲಿ ಕೆಲಸ ಬಿದ್ದಿಲ್ಲ. ಅದರ ಹಳದಿಯನ್ನು ನಾನಿನ್ನೂ ತೊಳೆದಿಲ್ಲ.